ಸ್ವಾಮಿಗಳ ಹೆಬ್ಬೆರಳು

ಅವ್ವ ಇನ್ನೇನು ಕಾಲಿಗೆ ಬೀಳುತ್ತಾಳೆ. ಬಚ್ಚಲಿನಲ್ಲಿ ತಣ್ಣೀರು ಸುರಿದುಕೊಂಡು, ಕಪ್ಪು ಪಂಚೆ ಸುತ್ತಿ, ಹಣೆಗೆ ವಿಭೂತಿ ಎಳೆದುಕೊಂಡು, ಗೋಡೆ ಹಿಡಿದು ನಡುಮನೆಗೆ ಬಂದ ಆಂಜಿನಯ್ಯನ ತಲೆಯಲ್ಲಿ ಅದೊಂದೇ ಇತ್ತು. ಅಯ್ಯಪ್ಪನ ಮಾಲೆ ಹಾಕಿಸಿಕೊಂಡಂದಿನಿಂದ ಇಪ್ಪತ್ತೆರಡು ಬೆಳಗು ಬಿದ್ದಿದ್ದಾಳೆ, ಇವತ್ತಿನದು ಇಪ್ಪತ್ತಮೂರನೆಯದು. ಸುಮ್ಮನೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುವವಳಲ್ಲ. ಎರಡು ಅಂಗೈಗಳನ್ನೂ ಮಗನ ಎರಡು ಪಾದಗಳ ಮೇಲೆ ಊರಿ, ಮೈಭಾರವನ್ನೆಲ್ಲ ಅಲ್ಲಿಗೆ ಬಿಟ್ಟು, ಹಣೆ ತಾಗಿಸಿ, ಆಮೇಲೆ ಅವೇ ಪಾದಗಳನ್ನು ಆಸರೆ ಮಾಡಿಕೊಂಡು ಮೇಲೇಳುವವಳು. ಹತ್ತೊಂಬತ್ತು ವರ್ಷ ಖಾರ ಅರೆದ, ಮೂಳೆ ಕಡಿದ ಕೈ. ಮೆತ್ತಗೆ ಮುಟ್ಟುವುದು ಆ ಕೈಗೆ ಗೊತ್ತೇ ಇಲ್ಲ. ಇಷ್ಟು ದಿನ ಅದರಿಂದ ನಾಚಿಕೆಯಾಗುತ್ತಿತ್ತು, ಅಷ್ಟೆ. ಇವತ್ತು ಬಲಗಾಲಿನ ಹೆಬ್ಬೆರಳಿನ ಬುಡ ಊದಿಕೊಂಡು, ಕೆಂಪಗೆ, ಎಣ್ಣೆ ಸವರಿದ ಹಾಗೆ ಮಿರಮಿರ ಮಿಂಚುತ್ತಿತ್ತು. ಬೆಳಗಿನ ಜಾವ ಹೊದಿಕೆ ತಾಕಿದ್ದಕ್ಕೇ ಎಚ್ಚರವಾಗಿತ್ತು. ಆಮೇಲೆ ಒಂದು ನೊಣ ಕೂತಿತ್ತು, ಅದರ ಆರು ಕಾಲೂ ಬೇರೆ ಬೇರೆಯಾಗಿ ನೋಯಿಸಿದವು. ಶ್ರೀರಾಂಪುರದ ಮೊದಲ ಬಸ್ಸು ರಸ್ತೆಯಲ್ಲಿ ಹೋದಾಗ ಇಡೀ ಬಸ್ಸು ತನ್ನ ಹೆಬ್ಬೆರಳಿನ ಮೇಲೇ ಹೋದಂತಾಗಿ, ನೋವಿನ ತುದಿಯಲ್ಲಿ ಅವನಿಗೆ ಹುಚ್ಚುಹುಚ್ಚಾಗಿ ನಗು ಬಂದಿತ್ತು. ಐದಡಿ ಎಂಟಂಗುಲ ಆಳು. ಒಂದು ಬೆರಳು ಇಡೀ ಆಳನ್ನೇ ಆಳುತ್ತಿದೆ.

ಆಳುತ್ತಿದೆ ಅನ್ನುವುದರಲ್ಲೂ ಹಂಗಿಸುವವರ ದನಿಯೇ ಕೇಳಿಸಿ ಅವನಿಗೆ ರೇಗಿತು. ಸುಲ್ತಾನ್‌ಪೇಟೆಯ ಅಂಗಡಿಯಲ್ಲಿ ಮದುವೆ ಕಾರ್ಡಿನ ಮೇಲೆ ಗಂಡಿನ ಹೆಸರು, ಹೆಣ್ಣಿನ ಹೆಸರು, ಛತ್ರದ ಹೆಸರು ಬಂಗಾರದ ಬಣ್ಣದಲ್ಲಿ ಒತ್ತುವ ಕೆಲಸ ಅವನದು. ಇಪ್ಪತ್ತೊಂಬತ್ತು ವರ್ಷಕ್ಕೆ ಸಾವಿರಗಟ್ಟಲೆ ಮದುವೆ ಮಾಡಿಸಿ ಇನ್ನೂ ಒಂಟಿ. ಹೋದ ಯುಗಾದಿಯ ಹೊತ್ತಿಗೆ ಮೊದಲ ಸಲ ಬೆರಳು ಊದಿದಾಗ, ಬಸವನಗುಡಿಯಿಂದ ಸ್ಕೂಟರಿನಲ್ಲಿ ಬರುವ ಮಾಲೀಕರು ಶ್ರೀನಿವಾಸಯ್ಯನವರು ಡಾಕ್ಟರ ಚೀಟಿಯನ್ನು ಕನ್ನಡಕ ಏರಿಸಿ ಓದಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದರು: "ಇದು ರಾಜರ ಕಾಯಿಲೆ ಕಣಯ್ಯಾ! ಕೂತು ತಿಂದು ಕುಡಿದೋರಿಗೆ ಬರೋದು. ಎಂಟನೇ ಕ್ಲಾಸು ಬಿಟ್ಟು ಬಂದ ನಿಂಗೆ ಯಾರಯ್ಯಾ ಕೊಟ್ರು?" ಅವತ್ತಿನಿಂದ ಅವನು ಕುಂಟಿಕೊಂಡು ಮೆಟ್ಟಿಲು ಹತ್ತಿದಾಗಲೆಲ್ಲ, 'ಮಹಾರಾಜ್ರು ದಯಮಾಡಿಸಿದ್ರು, ಮಹಾರಾಜ್ರಿಗೆ ಸ್ಟೂಲ್ ಹಾಕ್ರಪ್ಪಾ.' ಕೆನ್ನೆಗೆ ಒಂದು ಬಿಡಬೇಕು ಅನ್ನಿಸುತ್ತಿತ್ತು. ಬಿಡುವುದಕ್ಕೆ ಕಾಲೂರಿ ನಿಲ್ಲಬೇಕಲ್ಲ.

ಚಾಮರಾಜಪೇಟೆಯ ಆ ಡಾಕ್ಟರ ಮೇಲಂತೂ ಸಿಟ್ಟು ಇನ್ನೂ ಜಾಸ್ತಿ. ಒಳ್ಳೆಯ ಮನುಷ್ಯ, ಫೀಸು ಕಮ್ಮಿ, ಅದಕ್ಕೇ ಸಿಟ್ಟು ಮಾಡಿಕೊಳ್ಳಲು ಕಾರಣ ಸಿಗದೆ ಇನ್ನಷ್ಟು ಸಿಟ್ಟು. "ರಕ್ತದಲ್ಲಿ ಯೂರಿಕ್ ಆಸಿಡ್ ಒಂಬತ್ತು ಪಾಯಿಂಟ್ ಎರಡಿದೆ. ಹರಳು ಕಟ್ಟಿ ಸಂದೀಲಿ ಕೂತ್ಕೊಳ್ಳುತ್ತೆ. ಗೌಟು ಅಂತಾರೆ. ಈರಲಿ, ಬೋಟಿ, ತಲೆಮಾಂಸ, ಕಾಲ್‌ಸೂಪು, ಬೀರು, ಇವಿಷ್ಟೂ ಬಂದ್. ಕಾಳು ಬೇಳೆ ಮಿತಿ. ದಿನಕ್ಕೆ ಮೂರು ಲೀಟರ್ ನೀರು. ನಡೀಬೇಕು, ತೂಕ ಇಳೀಬೇಕು. ಮಾತ್ರೆ ತಪ್ಪಿಸ್ಬಾರ್ದು." ಅವರು ಒಂದೊಂದೇ ಹೇಳುತ್ತ ಹೋದಂತೆ ಆಂಜಿನಯ್ಯನ ಕಣ್ಣ ಮುಂದೆ ಬಂದದ್ದು ಮನೆಯ ಮುಂಭಾಗದಲ್ಲಿ ತೂಗುಹಾಕಿದ ಕರಿಹಲಗೆ. ಈರಲಿ ಫ್ರೈ, ಬೋಟಿ ಗೊಜ್ಜು, ತಲೆಮಾಂಸ, ಕಾಲ್‌ಸೂಪು. ಅದೇ ಸಾಲು, ಅದೇ ಕ್ರಮ. ಡಾಕ್ಟರು ಎಂದಾದರೂ ಬಂದು ಆ ಹಲಗೆ ಓದಿಕೊಂಡು ಹೋಗಿದ್ದಾರೋ ಏನೋ. ಅದು ಅವ್ವ ಚಿಕ್ಕಮುನಿಯಮ್ಮನ ಹೋಟೆಲು: ಮೂರು ಬೆಂಚು, ಎರಡು ಒಲೆ, ಮಾಂಸ ಕಡಿಯುವ ಹುಣಸೆಮರದ ಕೊರಡು. ಅಪ್ಪ ಸತ್ತ ವರ್ಷ ಶುರು ಮಾಡಿದ್ದು. ಮೊದಲ ಬಾಂಡ್ಲಿಯ ಮೊದಲ ಈರಲಿ ತುಂಡು ಯಾವ ಗಿರಾಕಿಗೂ ಅಲ್ಲ; ಒಣಗಿದ ಎಲೆದೊನ್ನೆಯಲ್ಲಿ ಮುಚ್ಚಿಟ್ಟಿರುತ್ತಿದ್ದಳು, ಸ್ಕೂಲಿನಿಂದ ಬರುವ ಮಗನಿಗೆ. "ಸರ್, ಹಂಗಾದ್ರೆ ನಾನು ಏನ್ ತಿನ್ನೋದು?" ಅಂತ ಕೇಳಿದಾಗ ಡಾಕ್ಟರು ನಕ್ಕಿದ್ದರು. "ಅನ್ನ ಮಜ್ಜಿಗೆ ಊಟ ಮಾಡಿ. ನಾವೆಲ್ಲ ಬದುಕಿಲ್ವೇನಪ್ಪಾ?" ಬದುಕಿದ್ದೀರಿ ಸರ್. ಆದರೆ ನಿಮ್ಮ ಕೈಗೆ ದೊನ್ನೆ ಕೊಟ್ಟು, ನೀವು ತಿನ್ನುವುದನ್ನೇ ನೋಡುತ್ತ ಬಾಗಿಲಲ್ಲಿ ಯಾರೂ ನಿಂತಿಲ್ಲ.

ಹೇಳಬೇಕು ಅಂದುಕೊಂಡೇ ಇದ್ದ. ದೀಪಾವಳಿ ಕಳೆದ ಮೇಲಿನ ಆ ಭಾನುವಾರ ನಿಜಕ್ಕೂ ಬಾಯಿ ತೆರೆದಿದ್ದ. ಅವ್ವ ಎದುರಿಗೆ ದೊನ್ನೆ ಹಿಡಿದು ನಿಂತಿದ್ದಳು, ಮೆಣಸಿನ ಘಮ ಮೂಗಿಗೆ ಹತ್ತಿತ್ತು, ಎರಡನೆಯ ಸಲದ ಊತ ಆಗಷ್ಟೇ ಇಳಿದಿತ್ತು. 'ಅವ್ವಾ, ನಿನ್ನ ಅಡಿಗೆ ನನಗೆ ವಿಷ ಆಗ್ತಿದೆ.' ಇಷ್ಟೇ ಮಾತು. ಪಕ್ಕದ ಬೆಂಚಿನಲ್ಲಿ ಅದೇ ವಠಾರದ ಮಾಯಣ್ಣ ಬೋಟಿ ಮುದ್ದೆ ಉಣ್ಣುತ್ತಿದ್ದ. ಗ್ಯಾಸ್ ಒಲೆ ರಿಪೇರಿಯವನು, ಹದಿನಾಲ್ಕು ಸಲ ಬೆಟ್ಟ ಹತ್ತಿ ಬಂದ ಗುರುಸ್ವಾಮಿ. "ಇನ್ನೊಂಚೂರು ಹಾಕವ್ವಾ. ನಾಳೆಯಿಂದ ಮಾಲೆ. ನಲವತ್ತೊಂದು ದಿವ್ಸ ಈ ಕಡೆ ತಲೆ ಹಾಕಂಗಿಲ್ಲ," ಅಂದ. ಆಂಜಿನಯ್ಯನ ತೆರೆದ ಬಾಯಿಂದ ಹೊರಬಿದ್ದದ್ದು: "ಅವ್ವಾ, ಈ ಸಲ ನಾನೂ ಮಾಲೆ ಹಾಕ್ತೀನಿ." ಅವ್ವ ದೊನ್ನೆಯನ್ನು ಬೆಂಚಿನ ಮೇಲಿಟ್ಟು ಕೈಮುಗಿದಳು. ಖುಷಿಗೆ! ಕೂಲಿಯವರು, ಆಟೋದವರು, ಉಣ್ಣುತ್ತಿದ್ದ ಅಷ್ಟೂ ಜನರ ಎದುರಿಗೆ ಅವಳ ಕಣ್ಣಲ್ಲಿ ನೀರು ಬಂತು. ಮಾರನೆಯ ದಿನವೇ ಒಲೆ ತೊಳೆದಳು, ಕೊರಡಿಗೆ ಗೋಣಿ ಹೊದಿಸಿದಳು, ಸ್ವಾಮಿ ಇರುವ ಮನೆಯಲ್ಲಿ ಮಾಂಸ ಬೇಯಿಸುವುದುಂಟೇ ಅಂತ ಹೋಟೆಲು ಮುಚ್ಚಿದಳು. ಕರಿಹಲಗೆ ಒರೆಸಿ ಮಗನ ಕೈಗೇ ಸೀಮೆಸುಣ್ಣ ಕೊಟ್ಟಳು. 'ಮಾಲಾಧಾರಣೆ ಪ್ರಯುಕ್ತ ನಲವತ್ತೊಂದು ದಿನ ರಜ.' ಮದುವೆ ಕಾರ್ಡಿನ ಅಕ್ಷರದಲ್ಲಿ, ಸುತ್ತ ಬಳ್ಳಿ ಬಿಡಿಸಿ ಬರೆದಿದ್ದ, ಹಾಳಾದವನು.

ಇನ್ನೂ ನಾಚಿಕೆಗೇಡು ಅಂದರೆ ಆಮೇಲಿನ ದಿನಗಳಲ್ಲಿ ಅವನು ಬಲು ಸುಖವಾಗಿದ್ದದ್ದು. ಬೀರಿಲ್ಲ, ಮಾಂಸವಿಲ್ಲ, ಚಪ್ಪಲಿ ಉಜ್ಜುವ ಕಾಟವಿಲ್ಲ, ಹಗಲೆಲ್ಲ ಬರಿಗಾಲಿನ ನಡಿಗೆ. ಡಾಕ್ಟರು ಹೇಳಿದ್ದನ್ನೆಲ್ಲ ದೇವರ ಹೆಸರಿನಲ್ಲಿ ಮಾಡಿದ. ಹೊಟ್ಟೆ ಕರಗಿ ಪಂಚೆ ಎರಡು ಸುತ್ತು ಹೆಚ್ಚಿಗೆ ಬರತೊಡಗಿತು. ಮೆಟ್ಟಿಲನ್ನು ಎರಡೆರಡೇ ಹಾರುತ್ತಿದ್ದ. ಬಸ್ಸಿನಲ್ಲಿ ಜನ ಎದ್ದು, 'ಕೂತ್ಕೊಳಿ ಸ್ವಾಮಿ' ಅನ್ನುತ್ತಿದ್ದರು. ಅಂಗಡಿಯಲ್ಲಿ ಶ್ರೀನಿವಾಸಯ್ಯನವರೇ ಮಹಾರಾಜ ಅನ್ನುವುದನ್ನು ನುಂಗಿಕೊಂಡು, "ಸ್ವಾಮಿ, ಆ ನೀಲಿ ಕಾರ್ಡು ಸ್ವಲ್ಪ ಬೇಗ ಆಗ್ಲಿ," ಅನ್ನುವಂತಾಯಿತು. ಬಳೇಪೇಟೆಯ ಇಕ್ಕಟ್ಟಿನಲ್ಲಿ ಬರಿಗಾಲಲ್ಲಿ ನಡೆಯುವಾಗ ತಾನು ಎಲ್ಲಿ ಗಾಳಿಗೆ ಹಾರಿಹೋಗುತ್ತೇನೋ ಅನ್ನಿಸುವಷ್ಟು ಹಗುರವಾಗಿ, ಎದೆಯೊಳಗೆ ಯಾರೋ ತಮಟೆ ಬಡಿದ ಹಾಗೆ, ಸುಳ್ಳೇ ಇಷ್ಟು ಆರೋಗ್ಯ ಕೊಡುವುದಾದರೆ ನಿಜ ಯಾಕೆ ಬೇಕು ಅಂತ ಕಿಸಕ್ಕನೆ ನಕ್ಕಿದ್ದ. ಎದುರಿಗೆ ಬಂದವಳೊಬ್ಬಳು ಸ್ವಾಮಿ ನಕ್ಕರೆಂದು ಕೈಮುಗಿದಿದ್ದಳು.

ಅವ್ವ ಬಿಡಬೇಕಲ್ಲ. ಮಾಂಸ ಬಿಟ್ಟ ಮೈಗೆ ಶಕ್ತಿ ಎಲ್ಲಿಂದ ಬರಬೇಕು? ಅವರೆಕಾಯಿ ಕಾಲ. ದಿನಾ ಸಂಜೆ ಮೊರದ ತುಂಬ ಕಾಯಿ ಸುಲಿದು, ಕಾಳು ನೆನೆಸಿ, ಬೆಳಿಗ್ಗೆ ಒಂದೊಂದನ್ನೇ ಹೆಬ್ಬೆರಳಿನಿಂದ ಹಿತುಕಿ, ಅವರೆಬೇಳೆ ಸಾರು, ಅವರೆಬೇಳೆ ಉಪ್ಪಿಟ್ಟು, ಅವರೆಕಾಳಿನ ರೊಟ್ಟಿ. "ಇನ್ನೊಂದು ಸೌಟು ಹಾಕಿಸ್ಕೊಳಿ ಸ್ವಾಮಿ." ಹುಟ್ಟಿದಾಗಿನಿಂದ 'ಲೋ ಆಂಜಿ' ಅಂದ ಬಾಯಲ್ಲಿ ಬಹುವಚನ. ಆ ಬಹುವಚನಕ್ಕೆ ಹೆದರಿ ಹಾಕಿಸಿಕೊಳ್ಳುತ್ತಿದ್ದ. ಮಾತ್ರೆಯನ್ನು ಅವಳ ಕಣ್ಣಿಗೆ ಬೀಳಬಾರದೆಂದು ಅಂಗಡಿಯ ಶಾಯಿಡಬ್ಬಿಗಳ ಹಿಂದೆ ಇಟ್ಟು, ವಾರದಿಂದ ಅದನ್ನೂ ಮರೆತಿದ್ದ. ನೀರಂತೂ ಮೂರು ಲೀಟರಿರಲಿ, ಮೂರು ಲೋಟವಿಲ್ಲ. ಯಾವುದರಿಂದ ಬಂತೋ. ಅವರೆಯಿಂದಲೋ, ಮಾತ್ರೆ ಬಿಟ್ಟದ್ದಕ್ಕೋ, ಸುಮ್ಮನೆ ಬೆರಳಿಗೆ ಅವನ ಮೇಲಿದ್ದ ಹಗೆಯಿಂದಲೋ. ಬಂದಿತ್ತು.

ತಟ್ಟೆಯಲ್ಲಿ ಕುಂಕುಮ, ಹೂವು, ಉರಿಯುವ ಕರ್ಪೂರ ಹಿಡಿದು ಅವ್ವ ಬಂದಳು. ಮಿಂದ ತಲೆಗೆ ಟವೆಲು ಸುತ್ತಿದ್ದಳು.

"ಅವ್ವಾ, ಇವತ್ತು ಬೇಡ."

"ಹಂಗೆಲ್ಲ ಅನ್ಬಾರ್ದು ಸ್ವಾಮಿ."

"ದೂರದಿಂದ್ಲೇ ಮಾಡವ್ವಾ, ನಡೀತದೆ."

"ದೂರದಿಂದ ಕೈಮುಗಿಯೋಕೆ ನೀವೇನು ಪೋಟೋನಾ?"

ಅವನು ಒಂದು ಹೆಜ್ಜೆ ಹಿಂದಕ್ಕಿಟ್ಟ. ಅವಳು ಒಂದು ಹೆಜ್ಜೆ ಮುಂದಕ್ಕಿಟ್ಟಳು. ನಡುಮನೆಯ ಮಧ್ಯೆ ಒರಳುಕಲ್ಲಿತ್ತು. ಅವನು ಹಿಮ್ಮಡಿಯ ಮೇಲೆ ಕುಕ್ಕುತ್ತ ಅದರ ಸುತ್ತ ಹಿಂದುಹಿಂದಕ್ಕೆ ಸರಿದ, ಅವಳು ಬಗ್ಗಿಕೊಂಡೇ ಹಿಂಬಾಲಿಸಿದಳು. ಒಂದು ಸುತ್ತು, ಎರಡು ಸುತ್ತು, ಕರ್ಪೂರದ ಹೊಗೆ ಇಬ್ಬರನ್ನೂ ಸುತ್ತಿ, ಇದು ಪ್ರದಕ್ಷಿಣೆಯೋ ಕಳ್ಳಪೊಲೀಸ್ ಆಟವೋ ತಿಳಿಯದೆ ಆಂಜಿನಯ್ಯನಿಗೆ ಮತ್ತೆ ಆ ಹುಚ್ಚುನಗು ಒತ್ತಿಬಂತು. ಚಿಕ್ಕವನಿದ್ದಾಗ ಎಣ್ಣೆಸ್ನಾನಕ್ಕೆ ಹೆದರಿ ಇದೇ ಕಲ್ಲಿನ ಸುತ್ತ ಓಡಿದ್ದ, ಆಗಲೂ ಇವಳೇ ಗೆದ್ದಿದ್ದಳು. ಗೋಡೆ ಬೆನ್ನಿಗೆ ತಗುಲಿತು. ಅವ್ವ ತಟ್ಟೆ ಕೆಳಗಿಟ್ಟು ಎರಡು ಅಂಗೈಗಳನ್ನೂ ಊರಿದಳು.

ಬಾಯಿಗೆ ಬರುತ್ತಿದ್ದುದು ಸುಲ್ತಾನ್‌ಪೇಟೆಯ ಬೈಗುಳ. ಹಲ್ಲಿನ ತನಕ ಬಂದದ್ದನ್ನು ಕೊರಳಿನ ಮಾಲೆ ತಡೆದು, "ಸ್ವಾಮಿಯೇಏಏ..." ಅಂತ ಒಂದು ಕೂಗಾಯಿತು. ವಠಾರದ ಹೆಂಚಿನ ಮೇಲಿನ ಕಾಗೆಗಳೆಲ್ಲ ಎದ್ದವು. ಬಲಗಾಲನ್ನು ಎರಡು ಕೈಯಲ್ಲಿ ಹಿಡಿದು ಎಡಗಾಲಲ್ಲಿ ಕುಣಿದ. ಕಣ್ಣು ಮೇಲಾಯಿತು, ಮೈ ಬೆವರಿತು, ಹಲ್ಲು ಕಟಕಟ ಅಂದವು. ಅವ್ವ ಎರಡು ಕೈಯನ್ನೂ ತಲೆಯ ಮೇಲೆ ಜೋಡಿಸಿದಳು.

"ಅಯ್ಯೋ ನಮ್ಮಪ್ಪಾ, ಬಂದ್ಬಿಟ್ಟಾ! ಜಾನಕಮ್ಮಾ, ಓಡ್ಬಾರೇ! ನನ್ ಮಗನ ಮೈಮೇಲೆ ದೇವ್ರು ಬಂದವ್ನೆ!"

ಪಕ್ಕದ ಮನೆಯ ಜಾನಕಮ್ಮ ಹಿಟ್ಟಿನ ಕೈಯಲ್ಲೇ ಬಂದಳು. ಹಿಂದೆಯೇ ಮಾಯಣ್ಣ, ಅವನೂ ಕಪ್ಪು ಪಂಚೆಯಲ್ಲಿ, ಬಾಯಲ್ಲಿ ಹಲ್ಲುಪುಡಿಯ ನೊರೆ.

"ಅಯ್ಯಪ್ಪ ಹಂಗೆಲ್ಲ ಮೈಮೇಲೆ ಬರೋ ದೇವ್ರಲ್ಲ ಕಣವ್ವಾ," ಅಂದ ಮಾಯಣ್ಣ.

"ಹದಿನಾಲ್ಕು ಸಲ ಹೋದ್ರೂ ನಿನ್ ಮೈಮೇಲೆ ಬರ್ಲಿಲ್ಲ ಅಂತ ಹೊಟ್ಟೆಕಿಚ್ಚು ನಿಂಗೆ. ಸುಮ್ಕಿರು."

ಜಾನಕಮ್ಮ ತಡಮಾಡಲಿಲ್ಲ. "ಸ್ವಾಮಿ, ನಮ್ ಯಜಮಾನ್ರಿಗೆ ಕ್ವಾಟ್ರಸ್ ಸಿಗುತ್ತಾ?" ಹತ್ತಿರ ಬರಬೇಡ, ಕಾಲು ತುಳೀಬೇಡ ಅಂತ ಆಂಜಿನಯ್ಯ ಒಂದು ಕೈಯ ಐದೂ ಬೆರಳು ಅಗಲಿಸಿ ಮುಂದೊಡ್ಡಿದ. "ಐದು ತಿಂಗಳಂತೆ!" ಅಂತ ಅವಳು ಕೆನ್ನೆಕೆನ್ನೆ ಬಡಿದುಕೊಂಡಳು.

ಅವ್ವ ಮಂಡಿಯೂರಿ ಕೂತಿದ್ದಳು. "ಏನು ತಪ್ಪಾಗದೆ ನಮ್ಮಪ್ಪಾ? ನನ್ನಿಂದ ಏನು ತಪ್ಪಾಯ್ತು? ಏನು ಬೇಕು, ಏನು ಬೇಡ, ನಿನ್ ಬಾಯಲ್ಲೇ ಹೇಳ್ಬಿಡು."

ನೋವಿನ ಹೊಗೆಯೊಳಗೆ ಆಂಜಿನಯ್ಯನಿಗೆ ಥಟ್ಟನೆ ಒಂದು ಬಾಗಿಲು ಕಂಡಿತು. ಯುಗಾದಿಯಿಂದ ಹುಡುಕುತ್ತಿದ್ದ ಬಾಗಿಲು, ಅವ್ವನೇ ತೆರೆದು ಹಿಡಿದಿದ್ದಾಳೆ. ಅವಳ ಅಡಿಗೆಯನ್ನು ಮಗ ಬೇಡವೆಂದರೆ ಅವಳು ಸಾಯುತ್ತಾಳೆ, ದೇವರು ಬೇಡವೆಂದರೆ? ದೇವರ ಮೇಲೆ ಯಾರಿಗೂ ಮುನಿಸಿರುವುದಿಲ್ಲ. ಒಂದೇ ಒಂದು ಸುಳ್ಳು, ದೊಡ್ಡದು, ಇನ್ನುಳಿದ ಸುಳ್ಳುಗಳನ್ನೆಲ್ಲ ನುಂಗಿ ತೇಗುವಂಥದ್ದು. ಎದೆಯಲ್ಲಿ ಮತ್ತೆ ಆ ತಮಟೆ. ಗಂಟಲನ್ನು ದಪ್ಪ ಮಾಡಿ, ಕಣ್ಣು ಮುಚ್ಚಿ ಅಂದ:

"ಅವರೆಕಾಳು... ಬೇಡ."

"ಅಯ್ಯೋ ಶಿವನೇ," ಅಂದಳು ಅವ್ವ.

"ಬೇಳೆ... ಕಮ್ಮಿ." ಎಷ್ಟು ಸಲೀಸು! ಚಾಮರಾಜಪೇಟೆಯ ಡಾಕ್ಟರು ಅವನ ನಾಲಿಗೆಯ ಮೇಲೆ ಕುಣಿಯತೊಡಗಿದರು. "ಈರಲಿ ಬೇಡ! ಬೋಟಿ ಬೇಡ! ತಲೆಮಾಂಸ, ಕಾಲ್‌ಸೂಪು, ಬೇಡ, ಬೇಡ! ನನ್ನ ಭಕ್ತ ದಿನಕ್ಕೆ ಮೂರು ಲೀಟರ್ ನೀರು..."

"ದೇವ್ರು ಯಾವತ್ತಿಂದ ಲೀಟರ್ ಲೆಕ್ಕ ಹೇಳೋಕೆ ಶುರು ಮಾಡ್ದ?" ಅಂದ ಮಾಯಣ್ಣ, ನೊರೆ ಉಗುಳಿ ಬಂದು.

ಯಾರೂ ಅವನ ಮಾತಿಗೆ ಕಿವಿಗೊಡಲಿಲ್ಲ. ಅವ್ವ ಎದ್ದಿದ್ದಳು. ಆಂಜಿನಯ್ಯ ಒಂದು ಕಣ್ಣನ್ನು ಎಳ್ಳಷ್ಟು ತೆರೆದು ನೋಡಿದ. ಅವಳು ಮುಂಬದಿಗೆ ಹೋಗಿ, ಕೊರಡಿನ ಮೇಲಿನ ಗೋಣಿ ಸರಿಸಿ, ಮಚ್ಚನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದು ಅವನೆದುರಿಗೆ ನೆಲದ ಮೇಲಿಟ್ಟಳು. ಹಿಡಿ ಸವೆದು ಅವಳ ಬೆರಳುಗಳ ಅಚ್ಚು ಬಿದ್ದಿದ್ದ ಮಚ್ಚು.

"ತಿಳೀತು ನಮ್ಮಪ್ಪಾ. ನನ್ ಹೋಟ್ಲು ನಿಂಗೆ ಇಷ್ಟ ಇಲ್ಲ. ಹತ್ತೊಂಬತ್ತು ವರ್ಷ ಮಾಡ್ದೆ, ಗೊತ್ತಾಗ್ಲಿಲ್ಲ, ತಪ್ಪಾಯ್ತು. ಇನ್ಮೇಲೆ ಒಲೆ ಹಚ್ಚಲ್ಲ. ಇವತ್ತೇ ಈ ಕೊರಡು, ಪಾತ್ರೆ ಎಲ್ಲ ಯಾರಿಗಾದ್ರೂ ಕೊಟ್ಬಿಡ್ತೀನಿ. ನನ್ ಮಗನ್ನ ಚೆನ್ನಾಗಿಡು."

ಅಳಲಿಲ್ಲ, ಗೊಣಗಲಿಲ್ಲ. ಬಾಡಿಗೆ ಮನೆ ಖಾಲಿ ಮಾಡು ಅಂದಾಗ ಬಡವರು ಹೇಗೆ ಏನೂ ಕೇಳದೆ ಪಾತ್ರೆ ಜೋಡಿಸುತ್ತಾರೋ ಹಾಗೆ, ಅಷ್ಟು ಸುಮ್ಮನೆ. ಆಂಜಿನಯ್ಯ ಎರಡು ಕಣ್ಣನ್ನೂ ತೆರೆದ. ಅವನ ಕಾಯಿಲೆಗೆ ಅವಳ ಒಲೆ ಆರಬೇಕು ಅಂತ ಯಾರು ಹೇಳಿದ್ದರು? ಡಾಕ್ಟರು ಹೇಳಲಿಲ್ಲ. ದೇವರಂತೂ ಹೇಳಲಿಲ್ಲ. ಆಟೋದವರು ನಾಳೆಯೂ ಬೋಟಿ ಗೊಜ್ಜು ತಿಂದು ಕಲ್ಲಿನ ಹಾಗೆ ಇರುತ್ತಾರೆ. ಇದನ್ನೆಲ್ಲ ಒಂದು ಬೆರಳು ಮಾಡಿಸಿತೇ? ಬೆರಳಲ್ಲ. ಬೆರಳು ಪಾಪ ನಿಜವನ್ನೇ ಹೇಳುತ್ತಿತ್ತು, ಅಷ್ಟು ಜೋರಾಗಿ.

"ಅವ್ವಾ." ದನಿ ತನ್ನದೇ ಆಗಿತ್ತು, ಸಣ್ಣದು. "ದೇವ್ರಲ್ಲ ಅವ್ವಾ. ನಾನು. ಕಾಲು ನೋಯ್ತದೆ."

ಅವಳಿಗೆ ಅರ್ಥವಾಗಲಿಲ್ಲ. ಅವನು ಗೋಡೆಗೆ ಜಾರಿ ಕೂತು ಬಲಗಾಲನ್ನು ಮುಂದಕ್ಕೆ ಚಾಚಿದ. ಮುಟ್ಟಬೇಡ ಅಂದ. ಗೌಟು ಅಂದ. ಡಾಕ್ಟರು, ಯೂರಿಕ್ ಆಸಿಡು, ಮಾತ್ರೆ, ಮಹಾರಾಜ, ದೀಪಾವಳಿ ಆದ ಮೇಲಿನ ಭಾನುವಾರ, ಈರಲಿ ದೊನ್ನೆ, ಎಲ್ಲವನ್ನೂ ಒಂದರ ಮೇಲೊಂದು ಸುರಿದ. "ನೀನು ಕೊಟ್ಟಿದ್ದು ಬೇಡ ಅನ್ನೋಕೆ ಆಗ್ಲಿಲ್ಲ ಅವ್ವಾ. ಅದಕ್ಕೇ ಮಾಲೆ ಹಾಕ್ಕೊಂಡೆ." ಕರ್ಪೂರ ಉರಿದು ಮುಗಿದಿತ್ತು.

"ಹಂಗಾದ್ರೆ ಕ್ವಾಟ್ರಸ್ಸು?" ಅಂದಳು ಜಾನಕಮ್ಮ.

ಅವ್ವ ಬಗ್ಗಿ ಬೆರಳನ್ನು ನೋಡಿದಳು. ಬಹಳ ಹೊತ್ತು, ಮಾರುಕಟ್ಟೆಯಲ್ಲಿ ಮಾಂಸ ನೋಡುವ ಹಾಗೆ ಈ ಕಡೆಯಿಂದ, ಆ ಕಡೆಯಿಂದ. ಆಮೇಲೆ ಬಂತು ನೋಡಿ, ಇಪ್ಪತ್ತಮೂರು ದಿನ ಕಟ್ಟಿಟ್ಟ ಏಕವಚನ.

"ಲೋ ಆಂಜೀ! ಥೂ ನಿನ್ ಮುಖಕ್ಕಿಷ್ಟು! ಹೆತ್ತ ತಾಯಿನ ದಿನಾ ಬೆಳಿಗ್ಗೆ ಕಾಲಿಗೆ ಬೀಳಿಸ್ಕೊಂಡ್ಯಲ್ಲೋ! ಕೊಡೋ ವಾಪಸ್ಸು. ಇವತ್ತಿಂದೂ ಸೇರಿಸಿ ಇಪ್ಪತ್ಮೂರು ನಮಸ್ಕಾರ. ಒಂದೂ ಬಿಡಂಗಿಲ್ಲ!"

ಸ್ಟೂಲ್ ಎಳೆದುಕೊಂಡು ಕೂತು, ಸೀರೆ ಸರಿಮಾಡಿಕೊಂಡು, ಕಾಲು ಜೋಡಿಸಿ ಮುಂದಿಟ್ಟಳು. ಆಂಜಿನಯ್ಯ ಮಂಡಿಯೂರಲು ಹೋದ, ಬೆರಳು ಮಡಿಸಬೇಕು, ಆಗಲಿಲ್ಲ. ಹೊಟ್ಟೆಯ ಮೇಲೆ ಮಲಗಿ ಬಲಗಾಲನ್ನು ಆಕಾಶಕ್ಕೆ ಎತ್ತಿಕೊಂಡು ತೆವಳಿದ. "ಒಂದು," ಅಂತ ಎಣಿಸಿದ ಮಾಯಣ್ಣ, ಗುರುಸ್ವಾಮಿಯ ಗಾಂಭೀರ್ಯದಿಂದ. ಹಿಂದಕ್ಕೆ ತೆವಳಿ ಮತ್ತೆ ಮುಂದಕ್ಕೆ. "ಎರಡು." ಅವ್ವನ ಪಾದದ ಒಡಕುಗಳು ಹಣೆಗೆ ಒರಟೊರಟಾಗಿ ಹತ್ತಿದವು, ಆ ಪಾದವನ್ನು ಇಷ್ಟು ಹತ್ತಿರದಿಂದ ಅವನು ನೋಡಿರಲೇ ಇಲ್ಲ. ಐದು. ಆರು. ಏಳನೆಯದಕ್ಕೆ ಹಣೆಯ ಕೆಳಗಿನ ಪಾದಗಳು ಅದುರತೊಡಗಿದವು. ಅಳುತ್ತಿದ್ದಾಳೆ ಅಂದುಕೊಂಡು ತಲೆಯೆತ್ತಿದ. ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

"ಸಾಕು ಏಳೋ, ಹಲ್ಲಿ ತರ ಕಾಣ್ತೀಯ."

ನಗು ನಿಂತದ್ದೇ ಮುಖ ಬಿಗಿಯಾಯಿತು. "ನನ್ ಈರಲಿಯಿಂದ್ಲೇ ಬಂತಂತಾ?"

"ಅದೊಂದ್ರಿಂದ ಅಲ್ಲ. ಬೀರೂ ಇತ್ತು. ನನ್ ಮೈಗೆ ಆಗಲ್ಲ, ಅಷ್ಟೆ. ಬೇರೆಯೋರಿಗೆ ಏನೂ ಆಗಲ್ಲ."

"ಆ ಡಾಕ್ಟ್ರು ನನ್ ಈರಲಿ ತಿಂದವ್ನಾ?"

"ಅವ್ರು ತಿನ್ನಲ್ಲ."

"ತಿನ್ದೇ ಹೆಂಗ್ ಹೇಳ್ದ?" ಅವಳು ಮಚ್ಚನ್ನು ಎತ್ತಿ ಸೆರಗಿನಲ್ಲಿ ಒರೆಸುತ್ತ ಕೇಳಿದಳು: "ಮೊಸ್ರು?"

"ತಿನ್ಬೋದು."

"ಸೌತೆಕಾಯಿ? ಸೋರೆಕಾಯಿ? ರಾಗಿಮುದ್ದೆ?"

"ಹೂಂ. ಎಲ್ಲ."

"ಮೊಟ್ಟೆ?"

"ತಿನ್ಬೋದಂತೆ."

"ತಿನ್ಬೋದಾ! ಅದನ್ನ ಮೊದ್ಲೇ ಹೇಳೋಕೆ ಏನಾಗಿತ್ತೋ ನಿಂಗೆ ರೋಗ?"

"ಸ್ವಾಮಿ ಎದುರಿಗೆ ಮೊಟ್ಟೆ ಮಾತು ಬೇಡವ್ವಾ," ಅಂದ ಮಾಯಣ್ಣ.

ಸ್ವಾಮಿ ಅಂದದ್ದು ಕೇಳಿ ಆಂಜಿನಯ್ಯನಿಗೆ ಕೊರಳಿನ ಮಾಲೆ ಭಾರವಾಯಿತು. ತೆಗೆದು ಮಾಯಣ್ಣನ ಕೈಗೆ ಕೊಟ್ಟುಬಿಡೋಣವೆಂದು ಕೈಹಾಕಿದ. ಅವ್ವ ಆ ಕೈ ಮೇಲೆ ಪಟ್ಟನೆ ಹೊಡೆದಳು.

"ಬಿಡು ಕೈನ. ಸುಳ್ಳು ಹೇಳಿ ಹಾಕ್ಕೊಂಡವ್ನು ನೀನು. ಆ ಅಯ್ಯಪ್ಪನೇನು ಸುಳ್ಳಾ? ನಲವತ್ತೊಂದು ಅಂದ್ರೆ ನಲವತ್ತೊಂದು. ಇನ್ನು ಹದಿನೆಂಟು ದಿವ್ಸ ಅದೆ. ಆಮೇಲೆ ನಾನು ಹೋಟ್ಲು ತೆಗೀತೀನಿ. ಈರಲಿನೂ ಮಾಡ್ತೀನಿ. ಮೊದಲ ದೊನ್ನೆ ಯಾರಿಗೆ ಅಂತ..." ಅವಳು ಮಚ್ಚನ್ನು ತೆಗೆದುಕೊಂಡು ಹೋಗಿ ಕೊರಡಿನ ಮೇಲಿಟ್ಟು, ಗೋಣಿ ಹೊದಿಸಿ, ಅಂಚುಗಳನ್ನು ಮಗುವಿಗೆ ಹೊದಿಸುವವಳ ಹಾಗೆ ಒತ್ತಿದಳು.

ತಿರುಗಿ ಬಂದಾಗ ಒಂದು ಕೈಯಲ್ಲಿ ತುಂಬಿದ ಚೊಂಬು ನೀರಿತ್ತು, ಇನ್ನೊಂದರಲ್ಲಿ ಹೊಸ ಕರ್ಪೂರ. ಚೊಂಬನ್ನು ಅವನ ಕೈಗೆ ಕೊಟ್ಟು ಪೂರ್ತಿ ಕುಡಿಯುವವರೆಗೂ ಬಿಡಲಿಲ್ಲ. ಆಮೇಲೆ ತಟ್ಟೆ ಎತ್ತಿಕೊಂಡು ಕರ್ಪೂರ ಹಚ್ಚಿದಳು.

"ಅವ್ವಾ, ಇನ್ನೂ ಯಾಕವ್ವಾ?"

"ಇವತ್ತಿನ ಪೂಜೆ ಅರ್ಧಕ್ಕೇ ನಿಂತದೆ. ಎಡಗಾಲು ಕೊಡೋ ಸ್ವಾಮಿ."

ಅವನು ಎಡಗಾಲನ್ನು ಮುಂದಿಟ್ಟ. ಅವಳು ಎರಡು ಅಂಗೈಗಳನ್ನೂ ಅದೊಂದರ ಮೇಲೇ ಊರಿ, ಎರಡು ಪಾದಕ್ಕೆ ಹಂಚಬೇಕಾದ ಭಾರವನ್ನೆಲ್ಲ ಅಲ್ಲೇ ಬಿಟ್ಟು, ಹಣೆ ತಾಗಿಸಿದಳು. ಏಳುವ ಮೊದಲು ಬಲಗಾಲಿನ ಕಡೆಗೆ ಸ್ವಲ್ಪ ವಾಲಿದಳು. ಮುಟ್ಟಲಿಲ್ಲ. ಅವನು ಬಿದ್ದು ಮಂಡಿ ತರಚಿಕೊಂಡು ಬಂದಾಗಲೆಲ್ಲ ಮಾಡುತ್ತಿದ್ದಂತೆ ತುಟಿ ಮುಂದೆ ಮಾಡಿ, ಆ ಕೆಂಪು ಬೆರಳಿನ ಮೇಲೆ ಮೆಲ್ಲಗೆ ಊದಿದಳು. ಉಸಿರು ತಾಕಿದ್ದಕ್ಕೂ ನೋಯಿತು. ಅವನು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.